ಫಿನಾಯಿಲ್ ಅನ್ನಿಸಿಕೊಂಡ ಗುಲಾಬಿ ಸೋಪು

ಸೂಪರ್ ಮಾರ್ಕೆಟ್ಟಿನ ಕೌಂಟರಿನಲ್ಲಿ, ಹಿಂದೆ ಏಳು ಜನ ಸಾಲು ನಿಂತಿರುವಾಗ, ಅವಳೇ ತಯಾರಿಸಿ ತಂದ ಗುಲಾಬಿ ಸೋಪು ಫಿನಾಯಿಲ್ ಆಗಿಬಿಟ್ಟಿತು.

ಕ್ಯಾಷಿಯರ್ ಹುಡುಗಿ ಮತ್ತೊಮ್ಮೆ ಸ್ಕ್ಯಾನರಿಗೆ ಹಿಡಿದಳು. ಪರದೆಯ ಮೇಲೆ ಅದೇ ಬಂತು: ನೆಲ ಒರೆಸುವ ಫಿನಾಯಿಲ್, ಒಂದು ಲೀಟರ್. ನಿಂಬೆ ಸೋಪೂ ಫಿನಾಯಿಲ್, ಇದ್ದಿಲು ಸೋಪೂ ಫಿನಾಯಿಲ್.

"ಮುಖಕ್ಕೆ ಹಾಕ್ಕೊಂಡ್ರೆ ಫಳಫಳ ಅನ್ನುತ್ತೆ ಬಿಡಿ," ಎಂದರು ಸಾಲಿನಲ್ಲಿದ್ದ ಯಾರೋ. ಎಲ್ಲರೂ ನಕ್ಕರು.

ಮ್ಯಾನೇಜರ್ ಮಾತ್ರ ನಗಲಿಲ್ಲ. "ಸೋಪು ಚೆನ್ನಾಗಿದೆ ಮೇಡಂ. ಶೆಲ್ಫ್ ಕೊಡ್ತೀನಿ ಅಂದಿದ್ದೀನಿ, ಕೊಡ್ತೀನಿ. ಆದ್ರೆ ತಿಂಗಳ ಕೊನೆ ಒಳಗೆ ಸರಿಯಾದ ಬಾರ್‌ಕೋಡ್ ತನ್ನಿ. ಇಲ್ಲಾಂದ್ರೆ ಆ ಜಾಗ ಬೇರೆಯವರಿಗೆ."

ಅವಳು ದಾಪುಗಾಲು ಹಾಕುತ್ತ ನೇರವಾಗಿ, ಸೋಪಿಗೆ ಲೇಬಲ್ ಮುದ್ರಿಸಿಕೊಟ್ಟಿದ್ದ ಅಂಗಡಿಗೆ ಬಂದಳು.

"ಏನ್ರೀ ಮೇಷ್ಟ್ರೇ, ಊರ ಮುಂದೆ ನನ್ನ ಮಾನ ಕಳೆದ್ರಲ್ಲ!"

ಅವನು ಯಾವ ಶಾಲೆಯ ಮೇಷ್ಟ್ರೂ ಅಲ್ಲ. ವಿಸಿಟಿಂಗ್ ಕಾರ್ಡ್ ಮಾಡಿಸಲು ಬಂದವರಿಗೂ ಅಕ್ಷರದ ಗಾತ್ರದ ಬಗ್ಗೆ ಅರ್ಧ ಗಂಟೆ ಪಾಠ ಹೇಳುತ್ತಿದ್ದನಾದ್ದರಿಂದ ಬೀದಿಯವರು ಇಟ್ಟ ಹೆಸರು ಅದು. ನಲವತ್ತರ ಆಸುಪಾಸು, ಕನ್ನಡಕ ಸದಾ ಹಣೆಯ ಮೇಲೆ, ಬೆರಳ ತುದಿಯಲ್ಲಿ ಶಾಯಿ.

"ನೀವು ಕೊಟ್ಟ ಗೆರೆನೇ ಹಾಕಿದ್ದು," ಎಂದ ಅವನು ಮೆಲ್ಲಗೆ. "ಫೋಟೋ ಕಳಿಸಿದ್ರಿ. ಇದು ನಿಮ್ಮ ನಂಬರಾ ಅಂತ ಕೇಳ್ದೆ. ಸುಮ್ನೆ ಪ್ರಿಂಟ್ ಹಾಕಿ ಅಂದ್ರಿ."

ಅಂದಿದ್ದಳು, ನಿಜ. ಆ ಕಪ್ಪು ಗೆರೆಗಳು ಸರ್ಕಾರಿ ಮೊಹರಿನಂತೆ ಎಲ್ಲ ಸಾಮಾನಿಗೂ ಒಂದೇ ಎಂದುಕೊಂಡು, ಬಚ್ಚಲಿನಲ್ಲಿದ್ದ ಫಿನಾಯಿಲ್ ಬಾಟಲಿಯದನ್ನೇ ಫೋಟೋ ತೆಗೆದು ಕಳಿಸಿದ್ದಳು. ಆ ಫಿನಾಯಿಲ್ ಅವಳ ಅಣ್ಣನ ಕಂಪನಿಯದು.

"ಕೂತ್ಕೊಳ್ಳಿ," ಎಂದ ಮೇಷ್ಟ್ರು. ಅವಳು ಸಿಟ್ಟಿನಲ್ಲೇ ಕೂತಳು. ಮರುದಿನ ಸಿಟ್ಟಿಲ್ಲದೆ ಬಂದಳು. ಅದರ ಮರುದಿನ ತಲೆ ಬಾಚಿ ಬಂದಳು.

"ಗೆರೆಯೊಳಗೆ ಬೆಲೆ ಇಲ್ಲ, ಸಾಮಾನಿನ ಹೆಸರೂ ಇಲ್ಲ. ಹದಿಮೂರು ಅಂಕಿ, ಅಷ್ಟೇ. ಶುರುವಿನವು ಯಾರ ಕಂಪನಿ ಅಂತ. ಆಮೇಲಿನವು ಯಾವ ಸಾಮಾನು ಅಂತ. ಕೊನೇ ಅಂಕಿ ತಪ್ಪು ಹಿಡಿಯೋಕೆ. ಉಳಿದಿದ್ದನ್ನೆಲ್ಲ ಅಂಗಡಿಯವರು ತಮ್ಮ ಕಂಪ್ಯೂಟರ್‌ಗೆ ಹಾಕಿಟ್ಕೊಂಡಿರ್ತಾರೆ."

"ಅಂದ್ರೆ ಗುಲಾಬಿಗೊಂದು ನಂಬರ್, ನಿಂಬೆಗೊಂದು?"

"ಇದ್ದಿಲಿಗೊಂದು. ನಾಳೆ ಚಿಕ್ಕ ಸೋಪು ಮಾಡಿದ್ರೆ ಅದಕ್ಕೂ ಬೇರೆ."

"ಗುಲಾಬಿಗೆ ಗೆರೆ ಕೆಂಪಗಿದ್ರೆ ಚೆಂದ ಅಲ್ವಾ?"

"ಸ್ಕ್ಯಾನರಿನ ಬೆಳಕೇ ಕೆಂಪು. ಕೆಂಪು ಗೆರೆ ಅದಕ್ಕೆ ಬಿಳಿ ಕಾಗದದ ಥರ. ಕಣ್ಣೆದುರಿಗಿದ್ರೂ ಕಾಣಲ್ಲ."

"ಕೆಲವರ ಕಣ್ಣೂ ಹಾಗೇ," ಎಂದಳು ಅವಳು, ಕಾಗದದಿಂದ ತಲೆ ಎತ್ತದೆ.

ಮೇಷ್ಟ್ರು ಹಣೆಯ ಮೇಲಿದ್ದ ಕನ್ನಡಕವನ್ನು ಮೂಗಿಗೆ ಇಳಿಸಿಕೊಂಡ. ಅವಳನ್ನು ನೋಡಿದ. ಇನ್ನೂ ಸ್ವಲ್ಪ ಹೊತ್ತು ನೋಡಿದ. ಅಂದು ಪಾಠ ಅಲ್ಲಿಗೇ ನಿಂತಿತು.

ಮನೆಯಲ್ಲಿ ಊಟಕ್ಕೆ ಕೂತಾಗ ಅಣ್ಣ ಮಾತೆತ್ತಿದ. "ಪುಟ್ಟೀ, ಇಷ್ಟಕ್ಕೆಲ್ಲ ಯಾಕೆ ಓಡಾಡ್ತೀಯ? ನನ್ನ ಕಂಪನಿ ಹೆಸರಲ್ಲಿ ಬೇಕಾದಷ್ಟು ನಂಬರ್ ಇದೆ. ಮೂರು ನಿನ್ನ ಸೋಪಿಗೆ ಹಾಕಿಸ್ತೀನಿ."

ಒಂಬತ್ತು ವರ್ಷ ಈ ಮನೆಯ ಹಿತ್ತಿಲ ಕೋಣೆಯಲ್ಲಿ ಎಣ್ಣೆ, ಕಾಸ್ಟಿಕ್ ಸೋಡಾ ಕಲಸಿ ಅವಳ ಮುಂಗೈ ತುಂಬ ಸುಟ್ಟ ಕಲೆಗಳಾಗಿದ್ದವು. "ಆಗ ಸೋಪು ಯಾರದಾಗುತ್ತೆ ಅಣ್ಣಾ?"

"ಮನೇದು."

"ಮನೆ ಅಂದ್ರೆ ಯಾರು?"

ಅತ್ತಿಗೆ ಸೌಟು ಹಿಡಿದವಳು ಹಿಡಿದಂತೆಯೇ ನಿಂತಳು. ಅಣ್ಣನ ದನಿ ಗಡುಸಾಯಿತು. "ಬೇರೆ ನಂಬರ್ ಬೇಕು ಅಂದ್ರೆ ಬೇರೆ ಕೋಣೆನೂ ನೋಡ್ಕೋ. ಆ ಲೇಬಲ್ ಅಂಗಡೀಲಿ ಗಂಟೆಗಟ್ಟಲೆ ಕೂತಿರ್ತೀಯಂತೆ. ಜನ ಆಡ್ಕೋತಿದ್ದಾರೆ."

"ಆಡ್ಕೊಳ್ಳಲಿ. ಬಾಯಿ ಅವರದು, ಕಾಲು ನಂದು."

ಮರುದಿನವೇ ಅವಳು ಬಾಗಿಲು ಮುಚ್ಚಿದ್ದ ಸೈಕಲ್ ರಿಪೇರಿ ಅಂಗಡಿಯೊಂದನ್ನು ಬಾಡಿಗೆಗೆ ಹಿಡಿದಳು. ಸೋಪಿನ ಅಚ್ಚುಗಳನ್ನೂ ತನ್ನ ಹಾಸಿಗೆಯನ್ನೂ ತಾನೇ ಹೊತ್ತು ಸಾಗಿಸಿದಳು. ಗ್ರೀಸಿನ ಕಲೆ ತೊಳೆಯಲು ತನ್ನ ಇದ್ದಿಲು ಸೋಪನ್ನೇ ಖರ್ಚು ಮಾಡಿದಳು.

ಸುದ್ದಿ ಕೇಳಿದ ಮೇಷ್ಟ್ರು ಅವಳು ಬರುವುದನ್ನೇ ಕಾದು ಕೂತಿದ್ದ. ಬಂದ ಕೂಡಲೇ ಒಂದು ಹಾಳೆ ಮುಂದಿಟ್ಟ. ಅದರ ತುಂಬ ನೀಟಾಗಿ ಮುದ್ರಿಸಿದ ಗೆರೆಗಳು, ಎರಡೂ ಪಕ್ಕ ಸ್ಕ್ಯಾನರಿಗೆಂದು ಅಳತೆ ಮಾಡಿ ಬಿಟ್ಟ ಬಿಳಿ ಜಾಗ.

"ನಮ್ಮ ನೋಟ್‌ಬುಕ್‌ಗೆ ಅಂತ ತಗೊಂಡ ನಂಬರ್‌ಗಳಲ್ಲಿ ಸುಮಾರು ಉಳಿದಿತ್ತು. ಮೂರು ನಿಮಗೆ. ನನ್ನ ಕಡೆಯಿಂದ."

ಅವಳ ಮುಖ ಅರಳಿತು. ಅಂಕಿಗಳ ಮೇಲೆ ಬೆರಳಾಡಿಸುತ್ತಿದ್ದಂತೆ ಬಾಡಿತು. "ಶುರುವಿನ ಅಂಕಿ ಯಾರದು?"

"...ನಮ್ಮ ಪ್ರೆಸ್‌ದು."

"ಅಣ್ಣ ಪ್ರೀತಿಯಿಂದ ಕೊಡ್ತೀನಿ ಅಂದ. ನೀವೂ ಪ್ರೀತಿಯಿಂದ ಕೊಟ್ರಿ. ಇಬ್ಬರ ಪ್ರೀತೀಲೂ ನನ್ನ ಸೋಪು ನಂದಾಗಲಿಲ್ಲ."

ಪ್ರೀತಿ ಎಂಬ ಮಾತು ಬಾಯಿ ಜಾರಿ ಬಂದು ಮೇಜಿನ ಮೇಲೆ ಕೂತುಬಿಟ್ಟಿತು. ಇಬ್ಬರೂ ಅದನ್ನು ನೋಡಿಯೂ ನೋಡದಂತಿದ್ದರು. ಮೇಷ್ಟ್ರ ಕಿವಿ ಕೆಂಪಾಯಿತು. ಹಾಳೆಯನ್ನು ತೆಗೆದುಕೊಂಡು ಉದ್ದಕ್ಕೆ ಹರಿದ.

"ತಪ್ಪಾಯ್ತು. ಪಾಠ ಹೇಳಿದವನೂ ನಾನೇ, ಫೇಲಾದವನೂ ನಾನೇ. ನಿಮ್ಮ ಹೆಸರಲ್ಲೇ ನಂಬರ್ ರಿಜಿಸ್ಟರ್ ಮಾಡೋ ಫಾರಂ ತೆಗೀತೀನಿ. ತುಂಬಿಕೊಡ್ಲಾ?"

"ತುಂಬೋದು ನಾನು. ನೀವು ಆ ಸ್ಟೂಲ್ ಮೇಲೆ ಕೂತಿರಿ."

ಅವನು ಕೂತ. ಬಾಯಿ ಬಿಡದೆ ಕೂರುವುದು ಅವನಿಗೆ ಎಷ್ಟು ಕಷ್ಟ ಎಂದು ಅವಳಿಗೆ ಗೊತ್ತಿತ್ತು. ಅದಕ್ಕೇ ಒಳಗೊಳಗೇ ನಗು. ಮಾಲೀಕರು ಎಂಬಲ್ಲಿ ತನ್ನ ಹೆಸರು ಬರೆದಳು, ವಿಳಾಸಕ್ಕೆ ಸೈಕಲ್ ಅಂಗಡಿಯದು. ಶುಲ್ಕವನ್ನೂ ತಾನೇ ಕಟ್ಟಿದಳು.

ಮೂರು ನಂಬರ್ ಬಂದಾಗ ಗುಲಾಬಿಯದರ ಕೊನೆಯ ಅಂಕಿ ಸರಿಯಿದೆಯೇ ಎಂದು ಪೆನ್ಸಿಲ್ ಹಿಡಿದು ಕೂತಳು. ಉಳಿದ ಹನ್ನೆರಡನ್ನು ಬಲದಿಂದ ಹಿಡಿದು ಒಂದನ್ನು ಮೂರು ಪಟ್ಟು ಮಾಡಿ, ಮುಂದಿನದನ್ನು ಹಾಗೇ ಬಿಟ್ಟು, ಹೀಗೇ ಎಲ್ಲ ಕೂಡಿದರೆ ಎಂಬತ್ತಮೂರು. ಸೊನ್ನೆಯಲ್ಲಿ ಮುಗಿಯುವ ಮುಂದಿನ ಸಂಖ್ಯೆ ತೊಂಬತ್ತು, ಅದಕ್ಕೆ ಏಳು ಕಡಿಮೆ. ಕೊನೆಯ ಅಂಕಿ ಏಳೇ.

"ಅದನ್ನ ಕಂಪ್ಯೂಟರೇ ಮಾಡುತ್ತೆ," ಎಂದ ಮೇಷ್ಟ್ರು.

"ಮಾಡ್ಲಿ. ನಾನೂ ಮಾಡ್ತೀನಿ."

ತಿಂಗಳು ಮುಗಿಯಲು ಎರಡು ದಿನ ಇರುವಾಗ ಇಬ್ಬರೂ ಸೂಪರ್ ಮಾರ್ಕೆಟ್ಟಿಗೆ ಹೋದರು. ಮ್ಯಾನೇಜರ್ ಹೊಸ ನಂಬರುಗಳನ್ನು ಕಂಪ್ಯೂಟರಿಗೆ ಸೇರಿಸಿದ. ಫಿನಾಯಿಲ್ ಪೆಟ್ಟಿಗೆ ಇಳಿಸಲು ಬಂದ ಅಣ್ಣನೂ ಅಲ್ಲೇ ನಿಂತಿದ್ದ. ಕ್ಯಾಷಿಯರ್ ಹುಡುಗಿ ಸೋಪು ಹಿಡಿದಳು. ಪರದೆಯ ಮೇಲೆ ಗುಲಾಬಿ ಸೋಪು ಎಂದು ಬಂತು, ಕೆಳಗೆ ಅವಳ ಕಂಪನಿಯ ಹೆಸರು.

ಅಣ್ಣ ಬಹಳ ಹೊತ್ತು ಅದನ್ನೇ ಓದಿದ. "ಗೆದ್ದೆ ಬಿಡು. ಇನ್ನು ಆ ಸೈಕಲ್ ಅಂಗಡಿ ಕೋಣೇಲಿ ಒಬ್ಬಳೇ ಇರ್ತೀಯಾ?"

"ಒಬ್ಬಳೇ ಯಾಕಿರ್ಲಿ?" ಅವಳು ಮೇಷ್ಟ್ರ ಕಡೆ ತಿರುಗಿದಳು. "ನನ್ನ ಮದುವೆ ಆಗ್ತೀರಾ? ಮೊದಲೇ ಹೇಳ್ಬಿಡ್ತೀನಿ, ಕೋಣೆ ನಂದೇ ಆಗಿರುತ್ತೆ, ಕೆಲಸ ನಂದೇ ಆಗಿರುತ್ತೆ. ನಿಮ್ಮ ಪ್ರೆಸ್ ತಂಟೆಗೆ ನಾನು ಬರಲ್ಲ. ಸಂಜೆ ಇಬ್ಬರೂ ಒಂದೇ ಮನೆಗೆ ಬರೋಣ."

ಮೇಷ್ಟ್ರು ಕನ್ನಡಕವನ್ನು ಮೂಗಿಗೆ ಇಳಿಸಿಕೊಂಡು, ಅವಳಿಗಷ್ಟೇ ಕೇಳುವಂತೆ, "ಆಗ್ತೀನಿ," ಎಂದ.

"ಜೋರಾಗಿ ಹೇಳ್ರೀ, ಹಿಂದೆ ಕೇಳಿಸ್ಲಿಲ್ಲ!" ಎಂದರು ಸಾಲಿನಲ್ಲಿದ್ದವರು.

"ಆಗ್ತೀನಿ ರೀ!"

ಅವಳು ಎಲ್ಲರೆದುರಿಗೇ ಅವನ ಶಾಯಿ ಬೆರಳುಗಳನ್ನು ಹಿಡಿದುಕೊಂಡಳು. ಬಾಗಿಲವರೆಗೆ ಹೋದವಳು ತಿರುಗಿ ನಿಂತಳು.

"ಅಣ್ಣಾ, ಮದುವೆಗೆ ನೀನು ಬರ್ಬೇಕು. ಬರದಿದ್ರೂ ಮದುವೆ ಆಗುತ್ತೆ. ಆದ್ರೂ ಬಾ."