ಕುಂಕುಮ ಹಚ್ಚಿದ ಫ್ಲಾಪಿ

2024ರ ನವೆಂಬರ್ 12, ಬೆಳಿಗ್ಗೆ 10.20. ಹೆರಿಗೆ ಆಸ್ಪತ್ರೆಯ ಮ್ಯಾನೇಜರ್ ತುಳಜಾರಾಮ, ಬಸವಕಲ್ಯಾಣ ಠಾಣೆಗೆ ಬಂದು, ತಮ್ಮ ಫ್ಲಾಪಿಯನ್ನು ಯಾರೋ ಬದಲಿಸಿದ್ದಾರೆಂದು ದೂರು ಕೊಟ್ಟ. ಎಫ್‌ಐಆರ್ ಬರೆಯುತ್ತಿದ್ದ ಕಾನ್‌ಸ್ಟೇಬಲ್ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ. ಪಿಎಸ್‌ಐ ಮನೀಷಾ ನಗಲಿಲ್ಲ. ಫ್ಲಾಪಿ ಹಾಕದೆ ಆಸ್ಪತ್ರೆಯ ಮುದಿ ಕಂಪ್ಯೂಟರ್ ಶುರುವಾಗದು. ಹಳೆಯ ಹೆರಿಗೆಗಳ ದಾಖಲೆಯೆಲ್ಲ ಆ ಫ್ಲಾಪಿಯೊಳಗೇ ಇತ್ತು. ಆಸ್ಪತ್ರೆಯ ಆಯಾ ಭಾಗಮ್ಮನ ಮಗಳು ಪೂನಮ್ ತನ್ನ ಜನನ ದಾಖಲೆಗೆ ಅರ್ಜಿ ಕೊಟ್ಟು ವಾರವಾಗಿತ್ತು. ಅದಿಲ್ಲದೆ ಅವಳಿಗೆ ಸಿಕ್ಕ ನೌಕರಿ ಕೈತಪ್ಪುತ್ತಿತ್ತು.

ಆಸ್ಪತ್ರೆಯಲ್ಲಿ ಮನೀಷಾ ಡ್ರೈವಿನಿಂದ ಫ್ಲಾಪಿ ತೆಗೆದಳು. ಅದರ ಮೇಲಿನ, ಇನ್ನೂ ಆರದ ಕುಂಕುಮ ಕರವಸ್ತ್ರಕ್ಕೆ ಹತ್ತಿತು.

"ಇದಕ್ಕ ಕುಂಕುಮ ಯಾರು ಹಚ್ಚತಾರ?"

"ಭಾಗಮ್ಮರಿ. ದಸರಾಕ್ಕ," ಎಂದ ತುಳಜಾರಾಮ.

"ದಸರಾ ಮುಗದು ತಿಂಗಳಾತು. ಇದು ನಿನ್ನೆ ಹಚ್ಚಿದ್ದು."

ಕದ್ದದ್ದರ ಜಾಗದಲ್ಲೂ ಬರಿಹಣೆಯ ಫ್ಲಾಪಿ ಇಡಲು ಆ ಹೆಂಗಸಿಗೆ ಮನಸ್ಸಾಗಿರಲಿಲ್ಲ.

ಮಧ್ಯಾಹ್ನ 2.15ಕ್ಕೆ ನಾರಾಯಣಪುರದ ಅವಳ ಮನೆಯಲ್ಲಿ, ಸೀರೆಗಳ ಟ್ರಂಕಿನಲ್ಲಿ ಚೀಟಿ ಕಿತ್ತ ಫ್ಲಾಪಿ ಸಿಕ್ಕಿತು. ಪಂಚನಾಮೆ ಆಯಿತು. "ಕಸದಾಗ ಬಿದ್ದಿತ್ತರಿ, ಮನಿಗಿ ತಂದೀನಿ" ಎಂದಳು ಭಾಗಮ್ಮ. ಪರೀಕ್ಷೆಗೆಂದು ಪಂಚರೊಂದಿಗೆ ಹುಮನಾಬಾದಿಗೆ ಒಯ್ದರೆ, ರಿಪೇರಿ ಮಾಡುವ ಮಹೆಬೂಬನ ಕಂಪ್ಯೂಟರಿನಲ್ಲಿ ಅದು ಓಡಲಿಲ್ಲ. ಮನೀಷಾಳ ಮುಖ ಸಣ್ಣದಾಯಿತು.

"ಹಳೇ ಡ್ರೈವಿನ ಓದೋ-ಬರಿಯೋ ಹೆಡ್ ಜಾಗ ಬಿಟ್ಟು ಸರೀತದ್ರಿ ಮೇಡಂ. ಅದರಾಗ ಬರದ ಫ್ಲಾಪಿ ಅದರಾಗ ಅಷ್ಟೇ ಓಡತದ. ಅಲ್ಲೇ ಹಾಕಿ ನೋಡ್ರಿ," ಎಂದ ಮಹೆಬೂಬ.

ಮರುದಿನ ಬೆಳಿಗ್ಗೆ 9.40ಕ್ಕೆ ಪಂಚರ ಎದುರೇ ಅದನ್ನು ಆಸ್ಪತ್ರೆಯ ಡ್ರೈವಿಗೆ ಹಾಕಿದರು. ಡ್ರೈವ್ ಕರಕರ ಸದ್ದು ಮಾಡಿತು, ಯಂತ್ರ ಶುರುವಾಯಿತು. ಪೂನಮ್ ಹುಟ್ಟಿದ ದಿನದ ಒಂದೇ ಹೆರಿಗೆಯ ಎದುರು, ತಾಯಿಯ ಕಾಲಮಿನಲ್ಲಿ ಭಾಗಮ್ಮನದಲ್ಲದ ಬೇರೆಯೇ ಹೆಸರಿತ್ತು. ಮನೀಷಾ ಭಾಗಮ್ಮನನ್ನು ಅಲ್ಲಿಗೇ ಕರೆಸಿದಳು.

"ಹಡದಾಕಿ ಮೂರನೇ ದಿನ ಬಿಟ್ಟು ಹೋದಳ್ರಿ," ಎಂದಳು ಭಾಗಮ್ಮ. "ನಾ ಉಡಿಯಾಗ ಹಾಕ್ಕೊಂಡೆ. ಇದು ತಿಳದ್ರ ನನಗ ಅವ್ವಾ ಅನ್ನಂಗಿಲ್ಲ ಅಂತ ಅಂಜಿದೆ."

"ಫ್ಲಾಪಿ ಒಲಿಗಿ ಹಾಕಲಿಲ್ಲ ಯಾಕ?"

"ಮಂದಿ ಕೂಸುಗಳ ಹೆಸರೂ ಅದರಾಗ ಅದಾವಲ್ರಿ."

ಕಳವಿನ ಆರೋಪದ ಮೇಲೆ 10.30ಕ್ಕೆ ಅಲ್ಲೇ ಭಾಗಮ್ಮನ ಬಂಧನವಾಯಿತು. ಬಂಧನದ ಫಾರಂನಲ್ಲಿ, ವಿಷಯ ಯಾರಿಗೆ ತಿಳಿಸಬೇಕು ಎಂಬಲ್ಲಿ ಅವಳು ಪೂನಮ್ ಹೆಸರು ಹೇಳಿದಳು. ಮುಂದಿನ ಕಾಲಮಿನಲ್ಲಿ ಸಂಬಂಧ ಬರೆಯಬೇಕಿತ್ತು. ಅಲ್ಲಿ ಮನೀಷಾಳ ಪೆನ್ನು ನಿಂತಿತು.

ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದ ಪೂನಮ್ ಒಳಗೆ ಬಂದಳು.

"ಮಗಳು ಅಂತ ಬರೀರಿ ಮೇಡಂ. ಅವ್ವಂದು ಬೀಪಿ ಗುಳಿಗಿ ತಂದೀನಿ, ಉಂಡ ಮ್ಯಾಲ ಕೊಡ್ರಿ."