ತೇಯುವ ಕಲ್ಲು

"ಆ ಗುಳಿಯಲ್ಲಿ ಕೈ ಇಡ್ಬೇಡಿ ಮಾರಾಯ್ರೆ. ಅದಕ್ಕೆ ಮಾಟ ಉಂಟು. ಇಟ್ಟದ್ದನ್ನು ತೇಯ್ತದೆ, ಮುಗಿಯುವವರೆಗೆ ಬಿಡುದಿಲ್ಲ."

ಮರ್ಕಂಜದ ಹೊಳೆಬದಿಯ ಬಂಡೆಯ ಮೇಲೆ ನಿಂತು ಚೆನ್ನಪ್ಪ ಹೇಳಿದ್ದು ಇಷ್ಟೇ. ಜಾಗ ಅವನದ್ದು, ಬಂಡೆ ಯಾರದ್ದೆಂದು ಅವನಿಗೂ ಗೊತ್ತಿಲ್ಲ. ಪುತ್ತೂರಿನ ಕಾಲೇಜಿಗೆ ಹೊಸದಾಗಿ ಬಂದ ಇತಿಹಾಸದ ಲೆಕ್ಚರರ್ ಯತಿನ್ ನಕ್ಕ. ನವಶಿಲಾಯುಗದವರು ಕಲ್ಲಿನ ಕೊಡಲಿಗಳನ್ನು ತಿಕ್ಕಿ ತಿಕ್ಕಿ ಆದ ಗುಳಿ. ದೋಣಿಯಂತೆ ಉದ್ದ, ಎಣ್ಣೆ ಸವರಿದಷ್ಟು ನುಣುಪು.

"ನಾಲ್ಕು ಸಾವಿರ ವರ್ಷ ಆಯ್ತು ಚೆನ್ನಪ್ಪಣ್ಣ. ಮಾಟಕ್ಕೂ ರಿಟೈರ್‌ಮೆಂಟ್ ಆಗಿರ್ತದೆ."

ಬಲಗೈಯನ್ನು ಗುಳಿಯಲ್ಲಿಟ್ಟು, ಹೊಳೆನೀರು ಚಿಮುಕಿಸಿ, ಕೊಡಲಿ ಮಸೆಯುವ ಹಾಗೆ ಮೂರು ಸಲ ಹಿಂದೆ ಮುಂದೆ ಎಳೆದ. ಸುಟ್ಟ ಕಲ್ಲಿನ ವಾಸನೆ ಬಂತು. ಚೆನ್ನಪ್ಪ ಮುಖ ತಿರುಗಿಸಿದ.

ಮರುದಿನ ಕಾಲೇಜಿನ ಹಾಜರಿಯಂತ್ರ ಅವನ ಬೆರಳನ್ನು ಒಪ್ಪಲಿಲ್ಲ. ಮಂತ್ರಕ್ಕೆ ಬಗ್ಗದವರೂ ಯಂತ್ರಕ್ಕೆ ಬಗ್ಗಲೇಬೇಕು, ಬಗ್ಗಿ ನೋಡಿದ. ಹೆಬ್ಬೆರಳಲ್ಲಿ ಗೆರೆಗಳೇ ಇರಲಿಲ್ಲ. ಬುಧವಾರ ಉಗುರುಗಳು ಹೋದವು. ಗುರುವಾರ ಬೆರಳುಗಳು ಗಿಡ್ಡವಾದವು. ನೋವಿಲ್ಲ. ಬೆಳಿಗ್ಗೆ ಹಾಸಿಗೆಯ ಮೇಲೆ ಒಂದು ಚಿಟಿಕೆ ಬೂದು ಹುಡಿ, ಅಷ್ಟೇ. ಡಾಕ್ಟರರು ಆ ಕೈಗೆ ಸೂಜಿ ಚುಚ್ಚಿದ್ದೂ ತಿಳಿಯದೆ ಅವನು ಕಿಟಕಿಯಾಚೆ ಸುಳ್ಯದ ಬಸ್ಸು ನೋಡುತ್ತಿದ್ದ. ನಾಲ್ಕು ವರ್ಷದ ಮಗಳು ಸಮೀಕ್ಷಾಳ ಕೆನ್ನೆ ಮುಟ್ಟಿದರೂ ಮರ ಮುಟ್ಟಿದ ಹಾಗೆ. ಅವನನ್ನು ಹೆದರಿಸಿದ್ದು ಅದೊಂದೇ. ಇದು ಎಡಗೈಗೂ ಹಬ್ಬಿದರೆ ಇವಳನ್ನು ಎತ್ತಿಕೊಳ್ಳುವುದು ಯಾವುದರಲ್ಲಿ?

ಶುಕ್ರವಾರ ಮಧ್ಯಾಹ್ನ ಮತ್ತೆ ಚೆನ್ನಪ್ಪನ ಅಂಗಳ.

"ನಿಲ್ಲಿಸುದು ಹೇಗೆ?"

"ಅರ್ಧ ಬಿಟ್ಟು ಬಂದದ್ದಕ್ಕೇ ಅದು ಬೆನ್ನು ಹತ್ತಿದ್ದು. ಮುಗಿಸಿ ಬನ್ನಿ. ತೋಳಾದ್ರೂ ಉಳಿದೀತು."

"ಮುಗಿಯಿತು ಅಂತ ಗೊತ್ತಾಗುದು ಹೇಗೆ?"

"ನನ್ನ ಹತ್ರ ಕೇಳಿದ್ರೆ? ಓದಿದವರು ನೀವಲ್ವಾ."

ಬಂಡೆ ಬಿಸಿಲಿಗೆ ಕಾದಿತ್ತು. ಹೊಳೆಯ ಸದ್ದು ನಿಂತಿತ್ತು. ಕೈ ಇಟ್ಟ. ಸರ್. ಸರ್. ಹುಡಿ ನೀರಲ್ಲಿ ಕೆಸರಾಯಿತು. ಬೆರಳುಗಳು ಒಂದಕ್ಕೊಂದು ಕೂಡಿಕೊಂಡವು. ಅಂಗೈ ಚಪ್ಪಟೆಯಾಯಿತು. ನೋವಿಲ್ಲ. ಸರ್. ಸರ್. ಕೈ ತಾನಾಗಿ ನಿಂತಿತು. ಬೂದು ಬಣ್ಣ. ತಣ್ಣಗೆ. ಕೊಡಲಿಯ ಬಾಯಿಯಂತೆ ತೆಳು ಅಂಚು. ಮುಗಿದಿತ್ತು.

ಅದಕ್ಕೆ ಟವೆಲ್ ಸುತ್ತಿಕೊಂಡು ಪುತ್ತೂರಿನ ಬಸ್ಸು ಹತ್ತಿದ. ಎಡಗೈ ಉಳಿಯಿತು. ಸಾಕು. ಸುತ್ತಿದ ಟವೆಲ್ ದಾರಿಯಲ್ಲೇ ಸೀಳಿ ಬಿದ್ದದ್ದು ಅವನಿಗೆ ತಿಳಿಯಲಿಲ್ಲ. ಮನೆಯ ಬಾಗಿಲಲ್ಲಿ ಬಗ್ಗಿ, ಎಡಗೈಯಿಂದ ಚಪ್ಪಲಿಯ ಪಟ್ಟಿ ಬಿಚ್ಚುತ್ತಿದ್ದ. ಸಮೀಕ್ಷಾ ಹಿಂದಿನಿಂದ ಓಡಿ ಬಂದಳು. ಜೋತುಬಿದ್ದ ಬಲಗೈಯನ್ನು ದಿನದಂತೆ ಎರಡೂ ಕೈಯಿಂದ ಬಿಗಿಯಾಗಿ ಹಿಡಿದಳು. ಆಮೇಲೆ ಸುಮ್ಮನಾದಳು.

ಏನೋ ತೊಟ್ಟಿಕ್ಕುವ ಸದ್ದು.

"ಎಂತ ಮಗಾ," ಅವನು ತಿರುಗದೆಯೇ ಕೇಳಿದ, "ನಲ್ಲಿ ಬಂದ್ ಮಾಡ್ಲಿಲ್ವಾ?"