ಕಾರಿಲ್ಲದ ಎಂಜಿನ್

ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಮೂಡುಬಿದಿರೆ ಠಾಣೆಗೆ ಬಂದ ದೂರು ವಿಚಿತ್ರವಾಗಿತ್ತು. ದೇವಿಪ್ರಸಾದರ ಶೆಡ್ಡಿನಲ್ಲಿದ್ದ ಹಳೆಯ ಜರ್ಮನ್ ಸ್ಪೋರ್ಟ್ಸ್ ಕಾರು ಇದ್ದಲ್ಲೇ ಇತ್ತು. ಅದರ ಎಂಜಿನ್ನಿಗೆ ಗಾಳಿ, ಪೆಟ್ರೋಲು ಬೆರೆಸಿ ಕೊಡುವ ಎರಡು ಕಾರ್ಬ್ಯುರೇಟರ್ ಮಾತ್ರ ಇರಲಿಲ್ಲ. ಪಕ್ಕದಲ್ಲೇ ಇದ್ದ ಹೊಸ, ದುಬಾರಿ ಜೋಡಿಯನ್ನು ಕಳ್ಳ ಮುಟ್ಟಿರಲಿಲ್ಲ.

ಎಫ್‌ಐಆರ್ ದಾಖಲಿಸಿ ಇನ್‌ಸ್ಪೆಕ್ಟರ್ ಮನೋರಮಾ ಸ್ಥಳಕ್ಕೆ ಹೋದರು.

"ಶೆಡ್ಡಿನ ಕೀಲಿ ಯಾರಲ್ಲಿ ಉಂಟು?"

"ನನ್ನಲ್ಲಿ ಒಂದು, ಮೆಕ್ಯಾನಿಕ್ ಹುಕ್ರಪ್ಪನಲ್ಲಿ ಒಂದು. ಅವನೇ ಮೇಡಂ, ಬೇರೆ ಯಾರು?" ಎಂದರು ದೇವಿಪ್ರಸಾದ್.

ಹುಕ್ರಪ್ಪ ಗೋಡೆಗೆ ಒರಗಿದ್ದ. "ನನ್ನ ಕೀಲಿ ಬಾಗಿಲ ಮೇಲೆಯೇ ಇರ್ತದೆ. ಬಂದುಹೋಗುವವರಿಗೆಲ್ಲ ಗೊತ್ತುಂಟು. ಕಳ್ಳ ಅಂತ ಹೆಸರು ಬಂದರೆ ಇನ್ನು ನನ್ನ ಕೈಗೆ ಯಾರು ಗಾಡಿ ಕೊಡ್ತಾರೆ ಮೇಡಂ?"

ಪಂಚನಾಮೆ ಶುರುವಾಯಿತು. ಕಾರ್ಬ್ಯುರೇಟರ್ ಬಿಚ್ಚಿದ ಜಾಗದಲ್ಲಿ ತೆರೆದುಕೊಂಡ ಬಾಯಿಗಳಿಗೆ ಬಿಳಿ ಬಟ್ಟೆ ಕಟ್ಟಿತ್ತು.

"ಆಪರೇಷನ್ ಮಾಡಿ ಬ್ಯಾಂಡೇಜ್ ಹಾಕಿ ಹೋಗಿದ್ದಾನೆ ಮಾರಾಯ್ರೆ!" ಎಂದ ಕಾನ್‌ಸ್ಟೇಬಲ್ ಡೊಂಬಯ್ಯ.

ಮನೋರಮಾ ಬಟ್ಟೆಯನ್ನು ಬೆರಳಲ್ಲಿ ತಿಕ್ಕಿ ನೋಡಿದರು. ಎರಡು ಪದರ, ಅಂಚು ಹೊಲಿದದ್ದು. ಬಾಲ್ಯದಲ್ಲಿ ನೆರೆಯ ಜೈನರ ಮನೆಯಲ್ಲಿ ಕೊಡದ ಬಾಯಿಗೆ ಇಂಥದ್ದೇ ಬಟ್ಟೆ ಕಟ್ಟಿ ನೀರು ಸೋಸುತ್ತಿದ್ದರು, ಸಣ್ಣ ಜೀವಿಯೂ ಸಾಯಬಾರದೆಂದು.

"ಇಲ್ಲಿಗೆ ಬರುವ ಜೈನರು ಯಾರು?"

"ಪ್ರಭಾಚಂದ್ರ ಮಾಸ್ಟ್ರು, ಗುರುವಾಯನಕೆರೆಯವರು. ಛೆ, ಅವರಾ?" ದೇವಿಪ್ರಸಾದ್ ತಡೆದು ಹೇಳಿದರು. "ಯಾವ ಕಾರ್ಬ್ಯುರೇಟರ್ ಹಾಕುವುದು ಅಂತ ಅವರನ್ನೇ ಕೇಳಿದ್ದೆ. ನನಗೆ ರೇಸಿಗೆ ಅಗಲ ಬಾಯಿಯದ್ದು ಬೇಕಿತ್ತು. ಅವರು, ಚಾರ್ಮಾಡಿ ಘಾಟಿ ಹತ್ತಲಿಕ್ಕೆ ಹಳೇ ಕಿರಿದೇ ಆಗಬೇಕು, ಗಾಳಿ ಬಿರುಸಾಗಿ ಎಳೀತದೆ, ಅಗಲದ್ದು ನಿಧಾನ ಹೋಗುವಾಗ ಕೆಮ್ಮುತ್ತದೆ ಅಂದ್ರು. ನಾನು ಕೇಳಲಿಲ್ಲ. ಹಾಗಾದರೆ ಹಳೇದನ್ನು ನನಗೆ ಕೊಡಿ ಅಂದ್ರು. ಆದರೆ ಅದನ್ನು ಮಾರ್ತೇನೆ ಅಂತ ಮುಂಬಯಿಯವರೊಬ್ಬರಿಗೆ ಮಾತು ಕೊಟ್ಟಾಗಿತ್ತು."

"ಅವರಲ್ಲೂ ಇಂಥ ಕಾರು ಉಂಟಾ?"

"ಕಾರಿಲ್ಲ. ಎಂಜಿನ್ ಮಾತ್ರ ಉಂಟು."

ಗುರುವಾಯನಕೆರೆಯಲ್ಲಿ ಮನೆ ಕಾಣುವ ಮೊದಲೇ ಸದ್ದು ಬಂತು. ತಗ್ಗಿದ, ಒಂದೇ ಸಮನಾದ ಗುನುಗು. ಅಂಗಳದಲ್ಲಿ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಎಂಜಿನ್ ಓಡುತ್ತಿತ್ತು. ಚಕ್ರವಿಲ್ಲ, ದಾರಿಯಿಲ್ಲ. ಅದನ್ನು ತಣಿಸುವ ಫ್ಯಾನಿನ ಗಾಳಿಗೆ ಒಣಹಾಕಿದ ಬಟ್ಟೆಗಳೆಲ್ಲ ಹಿಂದಕ್ಕೆ ಹಾರುತ್ತಿದ್ದವು. ಮನೆಯೇ ಮೆಲ್ಲನೆ ಎಲ್ಲಿಗೋ ಹೊರಟಂತೆ ಮನೋರಮಾರಿಗೆ ಅನಿಸಿತು. ಕುರ್ಚಿಯಲ್ಲಿ ಪ್ರಭಾಚಂದ್ರ ಕಣ್ಣು ಮುಚ್ಚಿ ಕೂತಿದ್ದರು.

ಕರೆದರೆ ಕೇಳಲಿಲ್ಲ. ಭುಜ ಮುಟ್ಟಬೇಕಾಯಿತು.

"ಬಟ್ಟೆ ಯಾಕೆ ಕಟ್ಟಿದಿರಿ ಮಾಸ್ಟ್ರೇ?" ಮನೋರಮಾ ಗಟ್ಟಿಯಾಗಿ ಕೇಳಿದರು.

"ಒಳಗೆ ಕಣಜದ ಹುಳ ಗೂಡು ಕಟ್ಟಿದರೆ? ಸ್ಟಾರ್ಟ್ ಮಾಡಿದ ದಿನ ಸುಟ್ಟು ಹೋಗ್ತದೆ, ಪಾಪ."

"ಹುಕ್ರಪ್ಪನನ್ನು ಕಳ್ಳ ಅಂತಿದ್ದಾರೆ."

ಅವರ ಮುಖ ಇಳಿಯಿತು. "ಕಣಜದ ಯೋಚನೆ ಬಂತು. ಅವನದ್ದು ಬರಲಿಲ್ಲ," ಎಂದರು. "ಬನ್ನಿ, ಹೋಗುವ. ಅವನೆದುರೇ ಹೇಳ್ತೇನೆ."

ಮಧ್ಯಾಹ್ನ ಹನ್ನೆರಡೂವರೆಗೆ ಪ್ರಭಾಚಂದ್ರರ ಬಂಧನ ದಾಖಲಾಯಿತು. ಬಲಗಿವಿ ಹೋಗಿದೆ, ಎಡಗಿವಿಯೂ ಮಳೆಗಾಲದೊಳಗೆ ಹೋಗುತ್ತದೆಂದು ವೈದ್ಯರು ಹೇಳಿದ್ದಾರೆ, ವರ್ಷಗಟ್ಟಲೆ ಬಿಡಿಬಿಡಿಯಾಗಿ ಕೂಡಿಸಿದ ಎಂಜಿನ್ನಿನ ದನಿ ಅಷ್ಟರೊಳಗೆ ಕೇಳಬೇಕಿತ್ತು ಎಂದು ಹುಕ್ರಪ್ಪನೆದುರು ಅವರು ಕೊಟ್ಟ ಹೇಳಿಕೆಯಲ್ಲಿದೆ.

ಅಂಗಳದಿಂದ ಹೊರಡುವ ಮೊದಲು ಎಂಜಿನ್ನಿನ ಸ್ವಿಚ್ ಅವರೇ ಆರಿಸಿದ್ದರು. ಬಟ್ಟೆಗಳು ಇಳಿಬಿದ್ದವು.

"ನಿಂತಿತಾ?" ಎಂದು ಡೊಂಬಯ್ಯನನ್ನು ಕೇಳಿದರು.

"ನಿಂತಿತು ಮಾಸ್ಟ್ರೇ."

"ಹೌದಾ? ನನಗಿನ್ನೂ ಕೇಳ್ತಾ ಉಂಟು."